ಮರದ ಪೆನ್ನಿಗೆ ಸೂಪರ್ ಗ್ಲೂ ಹೊಳಪು ಕೊಟ್ಟರೆ ವಾರದೊಳಗೆ ಬಿಳಿ ಮಚ್ಚೆ ಏಳುತ್ತೆ, ಯಾಕೆ?

ನೀವು ಕೇಳಿದ್ದು ಇಷ್ಟು. ಯಾದಗಿರಿಯಲ್ಲಿ ಮನೆಯಲ್ಲೇ ಸಣ್ಣ ಲೇತ್ (ಕಟ್ಟಿಗೆಯನ್ನು ಗಿರಗಿರ ತಿರುಗಿಸುವ ಯಂತ್ರ) ಇಟ್ಟುಕೊಂಡು ಜಾಲಿ ಕಟ್ಟಿಗೆಯಲ್ಲಿ ಪೆನ್ ಮಾಡುತ್ತಿದ್ದೀರಿ. ಮೇಲೆ ಸೂಪರ್ ಗ್ಲೂ ಹಚ್ಚಿ ಉಜ್ಜಿದರೆ ಮೊದಲ ದಿನ ಗಾಜಿನ ಹಾಗೆ ಹೊಳೆಯುತ್ತೆ. ವಾರದೊಳಗೆ ಬಿಳಿ ಮಚ್ಚೆ ಬರುತ್ತೆ, ತುದಿಯಲ್ಲಿ ಸಿಪ್ಪೆ ಏಳುತ್ತೆ. ಅಂಟೇ ಕೆಟ್ಟದ್ದಾ ಅಂತ ನಿಮ್ಮ ಅನುಮಾನ.

ನಾನು ಕಲಬುರಗಿಯವನು. ನನ್ನ ಮೊದಲ ಹತ್ತು ಹದಿನೈದು ಪೆನ್ನುಗಳಿಗೂ ಇದೇ ರೋಗ ಇತ್ತು. ನಾನೂ ಅಂಟನ್ನೇ ಬೈದು ಮೂರು ಥರದ ಬಾಟಲಿ ತರಿಸಿದ್ದೆ, ಸುಮ್ನೆ ದುಡ್ಡು ದಂಡ. ತಪ್ಪು ಅಂಟಿನದಲ್ಲ, ತೇವದ್ದು.

ಸೂಪರ್ ಗ್ಲೂ ಅಂದರೆ ಸೈನೋಅಕ್ರಿಲೇಟ್. ಫೆವಿಕ್ವಿಕ್ ಕೂಡ ಇದೇ ಜಾತಿ. ಇದು ಪೇಂಟ್ ಥರ ಒಣಗುವ ವಸ್ತು ಅಲ್ಲ. ಗಾಳಿಯಲ್ಲಿ, ಮರದ ಮೈಮೇಲೆ ಇರುವ ತೇವ ತಗುಲಿ ಗಟ್ಟಿಯಾಗುತ್ತೆ. ಹಾಗಾಗಿ ಚೂರು ತೇವ ಬೇಕೇ ಬೇಕು. ಜಾಸ್ತಿಯಾದರೆ ಗಡಿಬಿಡಿಯಲ್ಲಿ ಗಟ್ಟಿಯಾಗಿ ಬೆಳ್ಳಗೆ ಮಂಕಾಗುತ್ತೆ. ಆಗಸ್ಟಿನಲ್ಲಿ ಮಳೆ ಹಿಡಿದ ದಿನ ನಾನು ಈ ಕೆಲಸಕ್ಕೆ ಕೂರುವುದೇ ಇಲ್ಲ.

ಮೊದಲು ಕಟ್ಟಿಗೆಯ ಮಾತು. ಜಾಲಿ ಹೊರಗೆ ಒಣಗಿದ ಹಾಗೆ ಕಂಡರೂ ಒಳಗೆ ಹಸಿ ಇರುತ್ತೆ. ನಮ್ಮ ಓಣಿಯ ಬಡಿಗೇರ ಕಾಕಾ ನನ್ನ ಪೆನ್ನನ್ನು ಕೈಯಲ್ಲಿ ತಿರುಗಿಸಿ ನೋಡಿ, "ಹಸಿ ಕಟ್ಟಗಿ ಮ್ಯಾಲ ಏನ್ ಹಚ್ಚಿದ್ರೂ ನಿಲ್ಲಂಗಿಲ್ಲ ತಮ್ಮಾ, ನೆಳ್ಳಾಗ ಒಣಗ್ಲಿ ಬಿಡು" ಅಂದಿದ್ದರು. ಎಷ್ಟು ದಿನ ಅಂತ ಕೇಳಿದರೆ ನಕ್ಕರು. ಆಮೇಲೆ ನಾನೇ ಒಂದು ದಾರಿ ಹಿಡಿದೆ. ಬಂಗಾರ ತೂಗುವಂಥ ಪುಟ್ಟ ಡಿಜಿಟಲ್ ತಕ್ಕಡಿ ತಂದು, ಕತ್ತರಿಸಿಟ್ಟ ತುಂಡನ್ನು ವಾರಕ್ಕೊಮ್ಮೆ ತೂಗಿ ಅದರ ಮೈಮೇಲೇ ಪೆನ್ಸಿಲ್ಲಿನಲ್ಲಿ ಬರೆಯುತ್ತೇನೆ. ಒಂದು ಜಾಲಿ ತುಂಡು 56 ಗ್ರಾಂ ಇದ್ದದ್ದು ಇಳಿಯುತ್ತಾ ಇಳಿಯುತ್ತಾ 43ಕ್ಕೆ ಬಂದು ನಿಂತಿತು. ಹದಿಮೂರು ಗ್ರಾಂ ನೀರು! ಎರಡು ಮೂರು ವಾರ ತೂಕ ಅಲ್ಲಾಡದಿದ್ದರೆ ಮಾತ್ರ ಲೇತಿಗೆ ಹಾಕಿ. ಬೇಗ ಆಗಲಿ ಅಂತ ಬಿಸಿಲಿಗೆ ಇಡಬೇಡಿ. ನಮ್ಮ ಬಿಸಿಲು ಗೊತ್ತಲ್ಲ, ಸಂಜೆಯೊಳಗೆ ಸೀಳಿರುತ್ತೆ. ಬೀಟೆಯಂಥ ಎಣ್ಣೆ ಅಂಶದ ಮರವಾದರೆ ಅಂಟು ಹಚ್ಚುವ ಮುಂಚೆ ಅಸಿಟೋನಿನಲ್ಲಿ ಒರೆಸಿಕೊಳ್ಳಿ.

ಹಚ್ಚುವುದು ಹೀಗೆ. 400ನೇ ನಂಬರಿನ ತನಕ ಸ್ಯಾಂಡ್ ಪೇಪರ್ ಉಜ್ಜಿ (ನಂಬರ್ ಏರಿದಷ್ಟೂ ಪೇಪರ್ ನಯ), ಲೇತ್ ನಿಲ್ಲಿಸಿ ಉದ್ದುದ್ದಕ್ಕೂ ಒಮ್ಮೆ ಉಜ್ಜಿ, ದೂಳು ಪೂರ್ತಿ ತೆಗೆಯಿರಿ. ಲೇತ್ ನಿಧಾನ ಇರಲಿ, ನಿಮಿಷಕ್ಕೆ 600–800 ಸುತ್ತು ಸಾಕು. ಟಿಶ್ಯೂ ಪೇಪರ್ ಮಡಚಿ, ಅದರ ಮೇಲೆ ತೆಳು ಅಂಟಿನ ಮೂರು ನಾಲ್ಕು ಹನಿ ಹಾಕಿ, ಈ ತುದಿಯಿಂದ ಆ ತುದಿಗೆ ಒಂದೇ ಗುಕ್ಕಿನಲ್ಲಿ ಎಳೆಯಿರಿ. ಎರಡು ಮೂರು ಸೆಕೆಂಡ್, ಅಷ್ಟೇ. ಇನ್ನೊಂಚೂರು ಸರಿ ಮಾಡೋಣ ಅಂತ ಮತ್ತೆ ಕೈ ಇಟ್ಟಿರೋ, ಪೇಪರ್ ಅಂಟಿ ಗೆರೆ ಬೀಳುತ್ತೆ. ತೆಳು ಅಂಟು ಎರಡು ಮೂರು ಕೋಟ್, ಆಮೇಲೆ ಮಧ್ಯಮ ದಪ್ಪದ್ದು ಏಳೆಂಟು ಕೋಟ್.

ಹತ್ತಿ ಬಟ್ಟೆ ಮಾತ್ರ ಬೇಡ. ಹತ್ತಿ ನೂಲು ಈ ಅಂಟಿಗೆ ಸಿಕ್ಕರೆ ಸುಡುವಷ್ಟು ಬಿಸಿಯಾಗುತ್ತೆ. ಹಳೆ ಬನಿಯನ್ ತುಂಡಿನಲ್ಲಿ ಹಚ್ಚಲು ಹೋದ ದಿನ ಹೊಗೆ ಎದ್ದು ನನ್ನ ತೋರುಬೆರಳಿಗೆ ಬೊಬ್ಬೆ ಬಂದಿತ್ತು. ಬಟ್ಟೆ ಕೊಡವಿದಾಗ ಶಹಾಬಾದ್ ಕಲ್ಲಿನ ನೆಲದ ಮೇಲೆ ಬಿದ್ದ ಒಂದು ಹನಿ ಇವತ್ತಿಗೂ ಅಲ್ಲೇ ಹೊಳೀತಿದೆ. ನಾನು ಕೊಟ್ಟ ಹೊಳಪಿನಲ್ಲಿ ಅದೇ ಮೊದಲು ಬಾಳಿಕೆ ಬಂದದ್ದು. ಕಣ್ಣಿಗೆ ಕನ್ನಡಕ ಇರಲಿ, ಘಾಟು ಮುಖಕ್ಕೆ ಬರದ ಹಾಗೆ ಫ್ಯಾನ್ ಇಟ್ಟುಕೊಳ್ಳಿ.

ಬೇಗ ಗಟ್ಟಿಯಾಗಲು ಸ್ಪ್ರೇ ಬರುತ್ತೆ, ಆಕ್ಸಿಲರೇಟರ್ ಅಂತ. ನೀವು ಪ್ರತಿ ಕೋಟಿಗೂ ಹೊಡೆಯುತ್ತಿದ್ದೀರಿ ಅಂತ ಬರೆದಿದ್ದೀರಿ. ನಿಮ್ಮ ಬಿಳಿ ಮಚ್ಚೆಗೆ ಅರ್ಧ ಕಾರಣ ಅದೇ ಇರಬೇಕು. ಹತ್ತಿರದಿಂದ ಜಾಸ್ತಿ ಹೊಡೆದರೆ ಅಂಟು ಒಳಗೇ ಕುದ್ದ ಹಾಗಾಗಿ ಗುಳ್ಳೆ ಏಳುತ್ತೆ, ಬೆಳ್ಳಗಾಗುತ್ತೆ. ನಾನು ಈಗ ಮುಟ್ಟುವುದೇ ಇಲ್ಲ. ಕೋಟಿಗೂ ಕೋಟಿಗೂ ನಡುವೆ ಒಂದೆರಡು ನಿಮಿಷ ಬಿಡುತ್ತೇನೆ. ಕೊನೆಯ ಕೋಟ್ ಆದ ಮೇಲೆ ರಾತ್ರಿಯಿಡೀ.

ಉಜ್ಜುವಾಗ ಎಷ್ಟು ಉಜ್ಜಬೇಕು ಅನ್ನೋದು ಹೊಸಬರಿಗೆ ತಿಳಿಯೋದಿಲ್ಲ. ಬೀದರಿನಲ್ಲಿ ಬಿದರಿ ಕೆಲಸ ನೋಡಿದ್ದೀರಾ? ಎರಕದ ಪಾತ್ರೆ ನಯ ಮಾಡಿದ ಮೇಲೆ ಮೈಲುತುತ್ತದ ನೀರು ಒರೆಸಿ ಮೈ ಕಪ್ಪು ಮಾಡಿಕೊಳ್ಳುತ್ತಾರೆ. ಕೆತ್ತಿದ ಗೆರೆ ಕಣ್ಣಿಗೆ ಎದ್ದು ಕಾಣಲಿ ಅಂತ. ನಮಗೆ ಆ ಕೆಲಸವನ್ನು ಹೊಳಪೇ ಮಾಡಿಕೊಡುತ್ತೆ. 600ರ ವಾಟರ್ ಪೇಪರಿನಲ್ಲಿ ಹಗುರಾಗಿ ಉಜ್ಜಿ, ಬೆಳಕಿಗೆ ಹಿಡಿದು ನೋಡಿ. ಮೈಯೆಲ್ಲ ಮಂಕಾಗಿ ನಡುನಡುವೆ ಹೊಳೆಯುವ ಚುಕ್ಕೆ ಕಂಡರೆ ಅವು ತಗ್ಗುಗಳು, ಪೇಪರ್ ಇನ್ನೂ ಅಲ್ಲಿಗೆ ಮುಟ್ಟಿಲ್ಲ. ಚುಕ್ಕೆ ಎಲ್ಲ ಮಾಯವಾಗುವ ತನಕ ಉಜ್ಜಿ, ಅಲ್ಲಿಗೆ ನಿಲ್ಲಿಸಿ. ಮರದ ಮೈ ಬಯಲಾಯಿತೋ, ಮತ್ತೆ ಕೋಟ್ ಹಾಕಬೇಕು.

ಇನ್ನು ನಿಮ್ಮ ತುದಿ ಸಿಪ್ಪೆ. ನೀವು ಮೈಕ್ರೋಮೆಶ್ (ಹೊಳಪು ಕೊಡಲು ಬಳಸುವ ತೀರಾ ನಯವಾದ ಉಜ್ಜುವ ಬಟ್ಟೆ) ತುಂಡುಗಳನ್ನು ನೀರಿನಲ್ಲಿ ಅದ್ದಿ ಉಜ್ಜುತ್ತೀರಿ, ಅಲ್ವಾ? 1500ರಿಂದ 12000ದ ತನಕ ಒಂಬತ್ತು ತುಂಡು, ನೀರು ಹಾಕುವುದೂ ಸರಿ. ಒಣದಾಗಿ ಉಜ್ಜಿದರೆ ಬಿಸಿಯಾಗಿ ಅಂಟು ಮೆತ್ತಗಾಗುತ್ತೆ. ಆದರೆ ಎರಡೂ ತುದಿಯ ಅಡ್ಡ ಮೈಗೆ ನೀವು ಅಂಟು ಹಚ್ಚಿಲ್ಲ. ನೀರು ಅಲ್ಲಿಂದ ಒಳಗೆ ಹೋಗಿ, ಮರ ಉಬ್ಬಿ, ಮೇಲಿನ ಪದರವನ್ನು ಎತ್ತುತ್ತೆ. ನೀರು ಮುಟ್ಟಿಸುವ ಮೊದಲು ತುದಿಗಳಿಗೆ ತೆಳು ಅಂಟು ಸವರಿ, ಗಟ್ಟಿಯಾದ ಮೇಲೆ ಸಮ ಮಾಡಿಕೊಳ್ಳಿ. ಬುಶ್‌ಗೆ, ಅಂದರೆ ಲೇತಿನಲ್ಲಿ ತುಂಡಿನ ಎರಡೂ ತುದಿಗೆ ಕೂರಿಸುವ ಲೋಹದ ಬಳೆಗೆ, ಅಂಟಿಕೊಂಡ ತುಂಡನ್ನು ಕೈಯಿಂದ ಮುರಿದು ಬಿಡಿಸಬೇಡಿ, ಜೋಡಣೆಯ ಮೇಲೆ ಬ್ಲೇಡಿನಲ್ಲಿ ಸುತ್ತ ಗೆರೆ ಕೊಯ್ದು ಬಿಡಿಸಿ. ಮೈಕ್ರೋಮೆಶ್ ಇಲ್ಲದಿದ್ದರೆ 2000ದ ವಾಟರ್ ಪೇಪರ್, ಆಮೇಲೆ ಕಾರಿಗೆ ಹಚ್ಚುವ ರಬ್ಬಿಂಗ್ ಕಾಂಪೌಂಡ್ ಸಾಕು. ಎರಡೂ ಗಾಡಿ ಪೇಂಟ್ ಅಂಗಡಿಯಲ್ಲಿ ಸಿಗುತ್ತವೆ.

ಅಂಟಿನ ಬಾಟಲಿ ಬೇಸಿಗೆಯಲ್ಲಿ ಫ್ರಿಜ್ಜಿನಲ್ಲಿರಲಿ, ಮಕ್ಕಳ ಕೈಗೆ ಸಿಗದ ಹಾಗೆ. ಹೊರಗೆ ತೆಗೆದು ಅರ್ಧ ಗಂಟೆಯಾದರೂ ಬಿಟ್ಟು ಮುಚ್ಚಳ ತೆರೆಯಿರಿ, ಇಲ್ಲದಿದ್ದರೆ ತಣ್ಣನೆ ಬಾಟಲಿಯೊಳಗೆ ತೇವ ಕೂತು ಅಲ್ಲೇ ಗಟ್ಟಿಯಾಗುತ್ತೆ.

ಈಗಾಗಲೇ ಮಚ್ಚೆ ಬಿದ್ದ ಪೆನ್ನುಗಳನ್ನು ಎಸೆಯಬೇಡಿ. ಬಿಡಿಭಾಗ ಕಳಚಲು ಬಂದರೆ ಮತ್ತೆ ಲೇತಿಗೆ ಹಾಕಿ, ಬರೀ ಮರ ಕಾಣುವ ತನಕ ಉಜ್ಜಿ, ಒಂದೆರಡು ವಾರ ಹಾಗೇ ಇಡಿ. ತಕ್ಕಡಿ ತಂದಿದ್ದರೆ ಅವನ್ನೂ ತೂಗಿ ನೋಡಿ.