ಕೋಗಿಲೆ ಕೂಗನ್ನು ಪಿಟೀಲಿಗೆ ತಂದರೆ ಮಿಮಿಕ್ರಿಯಂತೆ ಕೇಳುವುದೇಕೆ?

ಪ್ರಶ್ನೆ: ಕರ್ನಾಟಕ ಪಿಟೀಲಿನಲ್ಲಿ ವರ್ಣಗಳ ಹಂತ ದಾಟಿದ್ದೇನೆ. ಕೋಗಿಲೆ, ಮಳೆ ಎರಡನ್ನೂ ಇಟ್ಟುಕೊಂಡು ಐದಾರು ನಿಮಿಷದ ಸ್ವಂತ ರಚನೆ ಮಾಡುವ ಆಸೆ. ಕೋಗಿಲೆಯದು ಪಂಚಮ ಅಂತಾರಲ್ಲ, ಹಾಗೇ ನುಡಿಸಿದರೆ ಮಿಮಿಕ್ರಿ ಥರ ಕೇಳಿಸುತ್ತದೆ. ಎಲ್ಲಿ ತಪ್ಪುತ್ತಿದೆ?

ಉತ್ತರ: ಆ ಪಂಚಮದಲ್ಲೇ. ನವಿಲಿಗೆ ಷಡ್ಜ, ಕೋಗಿಲೆಗೆ ಪಂಚಮ ಎಂಬ ಹಳೆಯ ಪಟ್ಟಿ ಕೇಳಲು ಚೆಂದ, ಬೆರಳಿಗೆ ಉಪಯೋಗವಿಲ್ಲ. ಗಂಡು ಕೋಗಿಲೆಯ ಕೂಗು ನಿಂತ ಸ್ವರವೇ ಅಲ್ಲ, ಕೆಳಗಿಂದ ಮೇಲಕ್ಕೆ ಜಾರುವ ಎಳೆ. ಕೂಗುತ್ತ ಕೂಗುತ್ತ ಪ್ರತಿ ಸಲವೂ ತುಸು ಮೇಲೇರಿ, ತುದಿಯಲ್ಲಿ ಥಟ್ಟನೆ ನಿಂತುಬಿಡುತ್ತದೆ. ನೀವು ಹಿಡಿಯಬೇಕಾದ್ದು ಆ ಜಾರು, ಆ ಏರು, ಆ ನಿಲುಗಡೆ. ಸ್ವರಸ್ಥಾನ ಆಮೇಲಿನ ಮಾತು.

ಮೊದಲು ರೆಕಾರ್ಡಿಂಗ್. ಫೋನಿನ ರೆಕಾರ್ಡರಿನಲ್ಲಿ ಗದ್ದಲ ತಗ್ಗಿಸುವ ಆಯ್ಕೆ ಇದ್ದರೆ ಅದನ್ನು ಆಫ್ ಮಾಡಿ. ಅದು ಮನುಷ್ಯರ ಮಾತಿಗೆಂದು ಮಾಡಿದ್ದು, ಕೂಗಿನ ತುದಿಯನ್ನೇ ಕತ್ತರಿಸುತ್ತದೆ. ವೇವ್ ಫೈಲ್ ಆಗಿ, 48 ಕಿಲೋಹರ್ಟ್ಸ್‌ನಲ್ಲಿ ಉಳಿಸಿ. ಧ್ವನಿ ತಿದ್ದುವ ತಂತ್ರಾಂಶ ಅಡಾಸಿಟಿಯಲ್ಲಿ ತೆರೆದು ವೇಗವನ್ನು 0.5ಕ್ಕೆ ಇಳಿಸಿದರೆ ಕಾಲ ದುಪ್ಪಟ್ಟಾಗುತ್ತದೆ, ಶ್ರುತಿ ಸರಿಯಾಗಿ ಒಂದು ಸ್ಥಾಯಿ ಕೆಳಗಿಳಿಯುತ್ತದೆ. ‘ಟೆಂಪೊ’ ಬದಲಿಸಬೇಡಿ, ‘ಸ್ಪೀಡ್’ ಬದಲಿಸಿ. ಟೆಂಪೊ ಶ್ರುತಿಯನ್ನು ಹಾಗೇ ಬಿಟ್ಟು ದನಿಯನ್ನು ಎಳೆದು ಮಸುಕು ಮಾಡುತ್ತದೆ.

ಸ್ಪೆಕ್ಟ್ರೋಗ್ರಾಮ್‌ನಲ್ಲಿ (ದನಿಯ ಕಂಪನಾಂಕವನ್ನು ತೋರಿಸುವ ಚಿತ್ರ) ಜಾರಿನ ಮೊದಲು, ಕೊನೆ ಎರಡರ ಕಂಪನಾಂಕ ಓದಿ ಭಾಗಿಸಿ. ಉದಾಹರಣೆಗೆ 500ರಿಂದ 600 ಹರ್ಟ್ಸ್‌ಗೆ ಏರಿದ್ದರೆ ಅನುಪಾತ 1.2, ಅಂದರೆ ಷಡ್ಜದಿಂದ ಸಾಧಾರಣ ಗಾಂಧಾರದಷ್ಟು ದೂರ. ಆ ಗಾಂಧಾರ ಇರುವ ರಾಗ ಹುಡುಕಿ. ನಾನಾದರೆ ಆಭೋಗಿ ಆರಿಸುತ್ತೇನೆ. ಅದರಲ್ಲಿ ಪಂಚಮವೇ ಇಲ್ಲ, ಕೋಗಿಲೆ ಬೇಜಾರು ಮಾಡಿಕೊಳ್ಳುವುದಿಲ್ಲ. ತಂಬೂರಿಯ ಪಂಚಮದ ತಂತಿಯನ್ನು ಮಧ್ಯಮಕ್ಕೆ ಇಳಿಸಲು ಮರೆಯಬೇಡಿ.

ನುಡಿಸುವಾಗ ಮೊದಲನೇ ತಂತಿ, ಒಂದೇ ಬೆರಳು, ಒಂದೇ ಕಮಾನು. ಬೆರಳು ಬದಲಿಸಿದರೆ ನಡುವೆ ಮೆಟ್ಟಿಲು ಕೇಳಿಸುತ್ತದೆ. ಜಾರು ಏರಿದಂತೆ ಮಿಡಿಯುವ ತಂತಿ ಗಿಡ್ಡವಾಗುತ್ತದಲ್ಲ, ಕಮಾನನ್ನೂ ಕೂದಲೆಳೆಯಷ್ಟು ಕುದುರೆಯ (ತಂತಿಗಳನ್ನು ಎತ್ತಿಹಿಡಿಯುವ ಮರದ ತುಂಡು) ಕಡೆ ಸರಿಸಿ, ವೇಗ ಹೆಚ್ಚಿಸಿ; ಇಲ್ಲದಿದ್ದರೆ ದನಿ ಕಟ್ಟಿಕೊಳ್ಳುತ್ತದೆ. ಬೆರಳಿಗೆ ಕೊಬ್ಬರಿ ಎಣ್ಣೆ ಸೋಕಿದಷ್ಟು ಸಾಕು. ಹೆಚ್ಚಾಗಿ ಅದು ಕಮಾನಿನ ಕೂದಲಿಗೆ ತಗುಲಿದರೆ ಆ ಜಾಗದಲ್ಲಿ ರಾಳ ಹಿಡಿಯುವುದೇ ಇಲ್ಲ.

ಕಛೇರಿ ಅಭ್ಯಾಸದವರು ಎಲ್ಲರೂ ಮಾಡುವ ತಪ್ಪು ಮುಂದಿದೆ: ಜಾರಿನ ಕೊನೆಗೆ ಕೈ ತಾನಾಗಿ ಕಂಪಿತ ಹಾಕುತ್ತದೆ. ಬೇಡ. ಅಲುಗಿಸಿದೊಡನೆ ಅದು ಹಕ್ಕಿಯ ದನಿಯಾಗಿ ಉಳಿಯದೆ ಹಾಡುಗಾರರ ದನಿಯಾಗುತ್ತದೆ. ಐದಾರು ಕೂಗು, ಪ್ರತಿಯೊಂದೂ ಹಿಂದಿನದಕ್ಕಿಂತ ಸ್ವಲ್ಪವೇ ಮೇಲೆ (ಪೂರ್ತಿ ಸ್ವರದಷ್ಟಲ್ಲ), ಕೊನೆಯದರ ತುದಿಯಲ್ಲಿ ಕಮಾನು ಎತ್ತಿಬಿಡಿ. ಆಮೇಲೆ ತಾಳದ ಒಂದು ಪೂರ್ತಿ ಆವರ್ತ (ಸುತ್ತು) ಮೌನ. ಮೃದಂಗದವರಿಗೆ ಇದನ್ನು ಮೊದಲೇ ಹೇಳಿಡಿ, ಖಾಲಿ ಜಾಗ ಕಂಡರೆ ತುಂಬುವುದು ಅವರ ಧರ್ಮ. ಪಲ್ಲವಿ ತಾಳದಲ್ಲಿರಲಿ, ಕೂಗು ತಾಳಕ್ಕೆ ಸಿಗದೆ ಮೇಲೆ ತೇಲಲಿ.

ಒಂದೇ ಪಿಟೀಲು ಎಷ್ಟು ಚೆನ್ನಾಗಿ ಕೂಗಿದರೂ ಒಂಟಿ ಹಕ್ಕಿಯೇ. 1725ರಲ್ಲಿ ಅಚ್ಚಾದ ವಿವಾಲ್ಡಿಯ ‘ವಸಂತ’ದಲ್ಲಿ ಹಕ್ಕಿಗಳ ಭಾಗವನ್ನು ಮೂರು ಪಿಟೀಲುಗಳು ಒಂದಕ್ಕೊಂದು ಉತ್ತರ ಕೊಡುತ್ತ ನುಡಿಸುತ್ತವೆ; ತೋಪು ಕಣ್ಣಿಗೆ ಕಟ್ಟುವುದು ಅದರಿಂದ.

ಮಳೆಗೂ ಇದೇ ಉಪಾಯ. ಮಳೆಯ ರಾಗವೆನ್ನುವ ಅಮೃತವರ್ಷಿಣಿ ಹಿಡಿದು ಸಮವಾಗಿ ತಂತಿ ಮೀಟಿದರೆ ಗಡಿಯಾರ ಕೇಳಿಸುತ್ತದೆ, ಮಳೆಯಲ್ಲ. ಹನಿ ಬೀಳುವುದಕ್ಕೆ ಲೆಕ್ಕವಿಲ್ಲದಂತೆ ಕೇಳಬೇಕು. ಮೂರು ಪಿಟೀಲಿಗೆ 5, 7, 9 ಅಕ್ಷರಗಳ (ತಾಳದ ಎಣಿಕೆಗಳ) ಮೂರು ಪುಟ್ಟ ಸುತ್ತು ಕೊಡಿ, ಪ್ರತಿಯೊಂದರಲ್ಲೂ ಎರಡೇ ಮೀಟು. ಒಟ್ಟಿಗೆ ಹೊರಟ ಮೂರೂ ಮತ್ತೆ ಕೂಡುವುದು 315ನೇ ಅಕ್ಷರ ಮುಗಿದ ಮೇಲೆ. ಸೆಕೆಂಡಿಗೆ ಎರಡು ಅಕ್ಷರದ ಓಟದಲ್ಲಿ ಎರಡೂವರೆ ನಿಮಿಷಕ್ಕೂ ಮಿಕ್ಕಿ. ಅಷ್ಟರೊಳಗೆ ಯಾರೂ ಎಣಿಸಲಾರರು. ಜೋರು ಮಳೆಗೆ ಕಮಾನಿನ ಕಡ್ಡಿಯಿಂದ ತಂತಿಗೆ ತಟ್ಟಬಹುದು, ಆದರೆ ಬಣ್ಣ ಏಳುತ್ತದೆ, ಅಗ್ಗದ ಕಮಾನು ಇಟ್ಟುಕೊಳ್ಳಿ. ಒಬ್ಬರೇ ಲೂಪರ್ ಪೆಡಲಿನಲ್ಲಿ (ನುಡಿಸಿದ್ದನ್ನು ಹಿಡಿದು ಮತ್ತೆ ಮತ್ತೆ ಕೇಳಿಸುವ ಉಪಕರಣ) ಮಾಡುವುದಾದರೆ ಸಿಂಕ್ ಆಫ್ ಮಾಡಿ. ಅದು ಇದ್ದರೆ ಎರಡನೇ, ಮೂರನೇ ಸುತ್ತನ್ನು ಮೊದಲಿನದರ ಅಳತೆಗೇ ಎಳೆದು ಕೂರಿಸಿಬಿಡುತ್ತದೆ.