ಅಪ್ಪನ ಕತ್ತಿನ ರಕ್ತನಾಳ 'ಹಸುವಿನ ಥರ' ಇದೆಯಂತೆ!

ಪ್ರಶ್ನೆ: ನಮ್ಮದು ಅಡಿಕೆ ತೋಟ. ಅಪ್ಪನಿಗೆ 72. ಮೆಟ್ಟುಗತ್ತಿ ಮುಂದೆ ಕೂತು ಅಡಿಕೆ ಸುಲಿಯುತ್ತಿದ್ದಾಗ ಬಲಗೈ ಸೋತು ಕಾಯಿ ಜಾರಿತು, ಮಾತು ತೊದಲಿತು. ಕಾಲು ಗಂಟೆಯಲ್ಲಿ ಎಲ್ಲ ಸರಿಹೋಯಿತು. ಎಡಗತ್ತಿನ ರಕ್ತನಾಳ 80% ಕಿರಿದಾಗಿದೆಯಂತೆ. ತೊಡೆಯ ರಕ್ತನಾಳದಿಂದ ಸ್ಟೆಂಟ್ (ನಾಳ ತೆರೆದಿಡುವ ಪುಟ್ಟ ಜಾಲರಿ ಕೊಳವೆ) ಹಾಕಲು ಹೋದವರು ಅರ್ಧಕ್ಕೇ ನಿಲ್ಲಿಸಿದರು. 'ಬೊವೈನ್ ಆರ್ಚ್, ಹಸುವಿನ ಥರ ಇದೆ, ಕೈಯಿಂದ ನೋಡೋಣ' ಅಂದರು. ಅಮ್ಮನಿಗೆ ಗಾಬರಿ. ಡಾಕ್ಟರಿಗೆ ಕೈಲಾಗಲಿಲ್ಲ ಅಂತಲೇ ಅರ್ಥನಾ?
– ಹೆಸರು ಬೇಡ, ತೀರ್ಥಹಳ್ಳಿ ತಾಲ್ಲೂಕು

ಉತ್ತರ: ಅಮ್ಮನಿಗೆ ಮೊದಲು ಹೇಳಿ, ಆ 'ಹಸು' ಕಾಯಿಲೆಯಲ್ಲ. ಹೃದಯದಿಂದ ಹೊರಟ ದೊಡ್ಡ ರಕ್ತನಾಳ ಎದೆಯೊಳಗೆ ಕೊಡೆಯ ಹಿಡಿಯ ಹಾಗೆ ಬಾಗುತ್ತದೆ. ಆ ಬಾಗಿನಿಂದ ಸಾಮಾನ್ಯವಾಗಿ ಮೂರು ಕವಲು. ಕೆಲವರಲ್ಲಿ ಎಡಗತ್ತಿನ ಕವಲು ಬಲಗಡೆಯ ದೊಡ್ಡ ಕವಲಿನಿಂದಲೇ ಹೊರಡುತ್ತದೆ. ಇದೇ ಬೊವೈನ್ ಆರ್ಚ್. ಹುಟ್ಟಿನಿಂದಲೇ ಹಾಗೆ. ಹೆಸರೂ ಸರಿಯಿಲ್ಲ ಬಿಡಿ, ನಿಜವಾದ ಹಸುವಿನಲ್ಲಿ ಒಂದೇ ಬುಡದಿಂದ ಎಲ್ಲ ಕವಲೂ ಹೊರಡುತ್ತವೆ.

ತೊಂದರೆ ಇರುವುದು ದಾರಿಯಲ್ಲಿ. ತೊಡೆಯಿಂದ ಬಂದ ನಳಿಗೆ ಬಾಗು ದಾಟಿ, ಬಲಗವಲಿಗೆ ಹತ್ತಿ, ಅಲ್ಲಿಂದ ಗಕ್ಕನೆ ಎಡಕ್ಕೆ ಹೊರಳಬೇಕು. ಆಗುಂಬೆ ಘಾಟಿಯ ತಿರುವಿನಲ್ಲಿ ಉದ್ದನೆಯ ಗಾಡಿ ಸಿಕ್ಕಿಕೊಂಡ ಹಾಗೆ. ಬಲ ಮಣಿಕಟ್ಟಿನಿಂದ ಬಂದರೆ ನೇರ ಬಲಗವಲಿಗೇ ಇಳಿಯುತ್ತದೆ, ಎಡಗವಲು ಪಕ್ಕದಲ್ಲೇ ಸಿಗುತ್ತದೆ. ಸೋಮೇಶ್ವರದಿಂದ ಘಾಟಿ ಹತ್ತುವ ಬದಲು ತೀರ್ಥಹಳ್ಳಿ ಕಡೆಯಿಂದ ಆಗುಂಬೆಗೆ ಹೋದ ಹಾಗೆ, ಅಲ್ವಾ?

ಅರ್ಧಕ್ಕೇ ನಿಲ್ಲಿಸಿದ್ದಕ್ಕೆ ನಾನಂತೂ ಬೈಯಲ್ಲ. ಸ್ಟೆಂಟ್ ಅರಳಿಸುವಾಗ ಚೂರುಗಳು ಮಿದುಳಿಗೆ ಹೋಗದಂತೆ ಮೇಲ್ಗಡೆ ಪುಟ್ಟ ಜರಡಿ ಹಿಡಿಯುವುದುಂಟು. ಆದರೆ ಜರಡಿ ಕೂರಿಸುವ ಮೊದಲೇ, ಬಾಗಿನಲ್ಲಿ ನಳಿಗೆಗೆ ದಾರಿ ಮಾಡುವ ತಂತಿ ತಡಕಾಡುವಾಗ ಒಳಗೋಡೆಯ ಕೊಬ್ಬು, ಸುಣ್ಣದ ಚೂರು ಎದ್ದರೆ ತಡೆಯುವವರು ಯಾರು? ಅದೇ ಪಾರ್ಶ್ವವಾಯು. ಹಟಕ್ಕೆ ಬಿದ್ದು ತಿವಿಯುವ ಕೈಗಿಂತ ಹಿಂದೆ ಬಂದ ಕೈ ವಾಸಿ.

ಒಂದು ಮಾತು ಮಾತ್ರ ಕೇಳಲೇಬೇಕು: ಆಪರೇಷನ್ ಯಾಕೆ ಬೇಡ? ಕತ್ತಿನಲ್ಲಿ ಕೊಯ್ದು ರಕ್ತನಾಳದ ಕೊಬ್ಬು ತೆಗೆಯುವ ಆಪರೇಷನ್‌ಗೆ ಈ ಬಾಗಿನ ಗೊಡವೆಯೇ ಇಲ್ಲ. 70 ದಾಟಿದವರಲ್ಲಿ ಸ್ಟೆಂಟ್ ಹಾಕುವ ಹೊತ್ತಿನ ಪಾರ್ಶ್ವವಾಯುವಿನ ಅಪಾಯ ಆಪರೇಷನ್‌ಗಿಂತ ಜಾಸ್ತಿ. ಹೃದಯ, ಶ್ವಾಸಕೋಶ ತೀರಾ ಬಲಹೀನವಾಗಿದ್ದರೆ ಲೆಕ್ಕ ಬೇರೆ. ಸಿಟಿ ಆಂಜಿಯೋ (ರಕ್ತನಾಳದ ಸ್ಕ್ಯಾನ್) ಸಿಡಿ ಹಿಡಿದು ರಕ್ತನಾಳದ ಸರ್ಜನ್‌ಗೂ ತೋರಿಸಿ. ಕೊಯ್ಲು ಮುಗೀಲಿ ಅಂತ ಕಾಯಬೇಡಿ, ಲಕ್ಷಣ ಕಂಡ ಮೊದಲ ಎರಡು ವಾರದಲ್ಲೇ ಚಿಕಿತ್ಸೆಯ ಲಾಭ ಜಾಸ್ತಿ.

ರಕ್ತ ಹೆಪ್ಪುಗಟ್ಟದಂತೆ ತಡೆಯುವ ಆಸ್ಪಿರಿನ್, ಕ್ಲೋಪಿಡೋಗ್ರೆಲ್ ಮಾತ್ರೆ ಕೊಟ್ಟಿದ್ದರೆ ನೀವಾಗಿಯೇ ನಿಲ್ಲಿಸಬೇಡಿ. ಎಲೆ-ಅಡಿಕೆ ಜೊತೆ ತಂಬಾಕು ಇದ್ದರೆ ಇವತ್ತೇ ಬಿಡಿಸಿ. ಮತ್ತೆ ಕೈ ಸೋತರೆ, ಮಾತು ತೊದಲಿದರೆ 'ಆಗಲೂ ಸರಿಹೋಗಿತ್ತಲ್ಲ' ಅಂತ ಕೂರಬೇಡಿ. ಹೆಪ್ಪು ಕರಗಿಸುವ ಇಂಜೆಕ್ಷನ್‌ಗೆ ಲಕ್ಷಣ ಶುರುವಾದಾಗಿನಿಂದ ಇರುವುದು ನಾಲ್ಕೂವರೆ ಗಂಟೆ, ಅದರಲ್ಲಿ ಶಿವಮೊಗ್ಗದ ದಾರಿಯೂ ಸೇರಿದೆ. ಗಡಿಯಾರ ನೋಡಿಕೊಂಡು 108ಕ್ಕೆ ಫೋನ್ ಮಾಡಿ.