ನೆಟ್‌ವರ್ಕ್ ಕಾರ್ಡ್ ಹ್ಯಾಂಗ್ ಆಯಿತಾ? ಸ್ವಲ್ಪ ತಾಳಿ, ಈಗಲೇ ರೀಸ್ಟಾರ್ಟ್ ಬೇಡ

ಪ್ರಶ್ನೆ: ಹಳೆಯ ಡೆಸ್ಕ್‌ಟಾಪ್ ಒಂದಕ್ಕೆ ಡೆಬಿಯನ್ ಲಿನಕ್ಸ್ ಹಾಕಿ ಮನೆಯ ಫೈಲ್ ಸರ್ವರ್ ಮಾಡಿಕೊಂಡಿದ್ದೇನೆ. ಮದರ್‌ಬೋರ್ಡ್‌ನಲ್ಲೇ ಇರುವ ರಿಯಲ್‌ಟೆಕ್ ನೆಟ್‌ವರ್ಕ್ ಕಾರ್ಡ್. ಸಣ್ಣಪುಟ್ಟ ಕೆಲಸಕ್ಕೆ ತೊಂದರೆ ಇಲ್ಲ. ಎಂಟು ಹತ್ತು ಜಿಬಿ ಫೈಲ್ ಕಾಪಿ ಮಾಡಲು ಹೊರಟರೆ ಮಧ್ಯದಲ್ಲೇ ನೆಟ್‌ವರ್ಕ್ ಸತ್ತುಹೋಗುತ್ತದೆ. ಮೌಸ್, ಕೀಬೋರ್ಡ್, ಸ್ಕ್ರೀನ್ ಎಲ್ಲ ಸರಿಯಾಗೇ ಇರುತ್ತವೆ. ರೀಸ್ಟಾರ್ಟ್ ಮಾಡಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ, ಒಮ್ಮೊಮ್ಮೆ ಅದಕ್ಕೂ ಬಗ್ಗುವುದಿಲ್ಲ. ಲಾಗ್‌ನಲ್ಲಿ ‘ನೆಟ್‌ಡೆವ್ ವಾಚ್‌ಡಾಗ್: ಟ್ರಾನ್ಸ್‌ಮಿಟ್ ಕ್ಯೂ 0 ಟೈಮ್ಡ್ ಔಟ್’ ಎಂಬ ಸಾಲು ಸಿಕ್ಕಿತು. ಹುಡುಕಿದಾಗ ಸಿಕ್ಕ ಸಲಹೆಗಳನ್ನೆಲ್ಲ ಒಟ್ಟಿಗೆ ಹಾಕಿದೆ. ಎರಡು ದಿನ ಚೆನ್ನಾಗಿತ್ತು, ಆಮೇಲೆ ಮತ್ತೆ ಅದೇ ಕಥೆ. ಕಾರ್ಡ್ ಕೆಟ್ಟಿದೆಯಾ ಸರ್? ಹೊಸದು ಹಾಕಿಬಿಡಲಾ?

ಉತ್ತರ: ಹೊಸದು ಹಾಕುವುದು ಕೊನೆಗೆ ಇದ್ದೇ ಇದೆ. ಅದಕ್ಕೂ ಮುಂಚೆ ಒಂದು ಕೆಲಸ ಮಾಡಿ. ಮುಂದಿನ ಸಲ ಹ್ಯಾಂಗ್ ಆದಾಗ ರೀಸ್ಟಾರ್ಟ್ ಬಟನ್ನಿಗೆ ಕೈ ಹಾಕಬೇಡಿ. ಕಾರ್ಡ್ ಯಾವ ಸ್ಥಿತಿಯಲ್ಲಿ ಸಿಕ್ಕಿಕೊಂಡಿದೆ ಅನ್ನುವುದು ಆಗ ಮಾತ್ರ ಕಣ್ಣಿಗೆ ಬೀಳುತ್ತದೆ. ರೀಸ್ಟಾರ್ಟ್ ಮಾಡಿದ ಕೂಡಲೇ ಸಾಕ್ಷಿಯೆಲ್ಲ ಅಳಿಸಿಹೋಗುತ್ತದೆ. ನಿಮ್ಮ ಸರ್ವರ್‌ಗೆ ಸ್ಕ್ರೀನ್, ಕೀಬೋರ್ಡ್ ಇವೆ ಎಂದಿದ್ದೀರಿ, ಅದೃಷ್ಟ. ನೆಟ್‌ವರ್ಕ್ ಮೂಲಕವೇ ಒಳಗೆ ಹೋಗುವ ಮಷಿನ್ನಿನಲ್ಲಿ ಕಾರ್ಡ್ ಸತ್ತರೆ ಬಾಗಿಲೇ ಮುಚ್ಚಿದ ಹಾಗೆ.

ಮೊದಲು ಆ ಲಾಗ್ ಸಾಲಿನ ಅರ್ಥ ನೋಡೋಣ. ಕಳಿಸಬೇಕಾದ ಪ್ಯಾಕೆಟ್‌ಗಳನ್ನು ಕರ್ನಲ್ (ಲಿನಕ್ಸ್‌ನ ಒಳತಿರುಳು) ಒಂದೊಂದಾಗಿ ಕಾರ್ಡ್ ಕೈಗೆ ಕೊಡುವುದಿಲ್ಲ. ಮೆಮೊರಿಯಲ್ಲಿ ಒಂದು ರಿಂಗ್ ಇರುತ್ತದೆ. ಕೊನೆ ಮುಟ್ಟಿದ ಮೇಲೆ ಮತ್ತೆ ಮೊದಲಿಗೆ ಬರುವ ಪಟ್ಟಿ ಅಂದುಕೊಳ್ಳಿ. ಯಾವ ಪ್ಯಾಕೆಟ್ ಎಲ್ಲಿದೆ ಅಂತ ಕರ್ನಲ್ ಅದರಲ್ಲಿ ಬರೆದು, ‘ಇಲ್ಲಿಯವರೆಗೆ ತುಂಬಿದ್ದೇನೆ’ ಎಂದು ಕಾರ್ಡ್‌ಗೆ ಹೇಳುತ್ತದೆ. ಕಾರ್ಡ್ ತಾನೇ ಮೆಮೊರಿಯಿಂದ ಎತ್ತಿಕೊಂಡು ಕಳಿಸಿ, ಮುಗಿದದ್ದಕ್ಕೆ ಗುರುತು ಹಾಕಿ, ಇಂಟರಪ್ಟ್, ಅಂದರೆ ‘ಇತ್ತ ನೋಡು’ ಎಂಬ ಸಂಕೇತ, ಕೊಡುತ್ತದೆ. ಕಾರ್ಡ್ ಗುರುತು ಹಾಕುವುದನ್ನೇ ನಿಲ್ಲಿಸಿದರೆ ರಿಂಗ್ ತುಂಬುತ್ತದೆ, ಕ್ಯೂ ನಿಲ್ಲುತ್ತದೆ. ಹೀಗೆ ನಿಂತ ಕ್ಯೂ ಕೆಲವು ಸೆಕೆಂಡ್ ಕಳೆದರೂ ಅಲುಗದಿದ್ದರೆ ವಾಚ್‌ಡಾಗ್ ಬೊಗಳುತ್ತದೆ. ಕಾರ್ಡ್ ನಡೆಸುವ ಪ್ರೋಗ್ರಾಂ ಆದ ಡ್ರೈವರ್ ಬೇರೆ ಏನೂ ಹೇಳದಿದ್ದರೆ ಕರ್ನಲ್ ಕಾಯುವುದು 5 ಸೆಕೆಂಡ್.

ಅಂದರೆ ಆ ಸಾಲು ಜ್ವರ ಇದೆ ಅಂತ ಹೇಳುತ್ತದೆ, ಕಾಯಿಲೆ ಯಾವುದು ಅಂತ ಹೇಳುವುದಿಲ್ಲ. ಅದರ ಕೆಳಗೆ ಬರುವ ಉದ್ದನೆಯ ಕಾಲ್ ಟ್ರೇಸ್ ನೋಡಿ ಕರ್ನಲ್ಲೇ ಕುಸಿದುಬಿತ್ತು ಅಂತ ಹೆದರುವವರಿದ್ದಾರೆ. ಹಾಗೇನಿಲ್ಲ, ಅದು ಬರೀ ಎಚ್ಚರಿಕೆ. ಹಳೆಯ ಕರ್ನಲ್‌ಗಳಲ್ಲಿ ಈ ಎಚ್ಚರಿಕೆ ಒಂದು ಬೂಟ್‌ಗೆ ಒಂದೇ ಸಲ ಅಚ್ಚಾಗುತ್ತಿತ್ತು. ಹಾಗಾಗಿ ಲಾಗ್‌ನಲ್ಲಿ ಒಂದೇ ಇದೆ ಎಂದಮಾತ್ರಕ್ಕೆ ಒಂದೇ ಸಲ ಹ್ಯಾಂಗ್ ಆಗಿದೆ ಅಂದುಕೊಳ್ಳಬೇಡಿ.

ಈಗ ಹ್ಯಾಂಗ್ ಆದ ಗಳಿಗೆಗೆ ಬರೋಣ. ಇಲ್ಲಿ ಕಮಾಂಡ್‌ಗಳನ್ನು ಉಚ್ಚಾರದಂತೆ ಬರೆದಿದ್ದೇನೆ, ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರ ಬಳಸಿ. ಮೊದಲು ಕಾರ್ಡ್ ಹಿಂದಿನ ಲೈಟ್ ನೋಡಿ. ಆಮೇಲೆ ರೌಟರ್‌ಗೆ ಪಿಂಗ್ ಮಾಡಿ. ರೌಟರ್ ಉತ್ತರ ಕೊಟ್ಟು ಹೊರಗಿನದು ಮಾತ್ರ ಬರದಿದ್ದರೆ ನಿಮ್ಮ ಕಾರ್ಡ್‌ನದ್ದು ತಪ್ಪೇ ಅಲ್ಲ, ಇಲ್ಲಿಗೇ ಓದು ನಿಲ್ಲಿಸಿ. ಉತ್ತರ ಬರಲಿಲ್ಲವಾದರೆ ಪ್ರಾಕ್ ಫೋಲ್ಡರಿನ ‘ಇಂಟರಪ್ಟ್ಸ್’ ಫೈಲ್ ತೆರೆದು ನಿಮ್ಮ ಕಾರ್ಡ್ ಹೆಸರಿನ ಸಾಲಿನ ಅಂಕಿ ಬರೆದಿಟ್ಟುಕೊಳ್ಳಿ. ಹತ್ತು ಸೆಕೆಂಡ್ ಪಿಂಗ್ ಓಡಿಸಿ ಮತ್ತೆ ನೋಡಿ. ಅಂಕಿ ಅಲ್ಲಾಡದಿದ್ದರೆ ಕಾರ್ಡ್ ಕಡೆಯಿಂದ ಕರ್ನಲ್‌ಗೆ ಸುದ್ದಿಯೇ ಬರುತ್ತಿಲ್ಲ. ಅಂಕಿ ಏರುತ್ತಿದ್ದೂ ಪ್ಯಾಕೆಟ್ ಹೋಗುತ್ತಿಲ್ಲ ಅಂದರೆ ಕಾರ್ಡ್‌ಗೆ ಇನ್ನೂ ಜೀವ ಇದೆ, ಗೋಜಲಾಗಿರುವುದು ರಿಂಗ್.

ನಂತರ ‘ಎಲ್‌ಎಸ್‌ಪಿಸಿಐ’ ಓಡಿಸಿ. ನಿಮ್ಮ ಕಾರ್ಡ್ ಸಾಲಿನ ಕೊನೆಯಲ್ಲಿ ‘ರೆವ್ ಎಫ್‌ಎಫ್’ ಎಂದು ಬಂದಿದೆಯಾ? ಬಂದಿದ್ದರೆ ಕಾರ್ಡ್ ತನ್ನನ್ನು ಕಂಪ್ಯೂಟರ್‌ಗೆ ಜೋಡಿಸುವ ಪಿಸಿಐ ಬಸ್‌ನಿಂದಲೇ ಕಳಚಿಕೊಂಡಿದೆ. ಏನು ಕೇಳಿದರೂ ಎಲ್ಲ ಬಿಟ್‌ಗಳೂ ಒಂದು ಅಂತಲೇ ಓದಿಗೆ ಸಿಗುತ್ತಿದೆ, ಅಂದರೆ ಆ ತುದಿಯಲ್ಲಿ ಉತ್ತರಿಸುವವರು ಯಾರೂ ಇಲ್ಲ. ಹಾಗಿದ್ದಾಗ ಆಫ್‌ಲೋಡ್ (ಸಿಪಿಯು ಕೆಲಸವನ್ನು ಕಾರ್ಡ್‌ಗೆ ವಹಿಸುವುದು), ಬಫರ್ ಸೆಟ್ಟಿಂಗ್ ತಿರುಚುವುದು ದಂಡ. ವಿದ್ಯುತ್ ಉಳಿತಾಯದ ಸೆಟ್ಟಿಂಗ್, ಬಿಸಿ, ಸ್ಲಾಟ್, ಇಲ್ಲವೇ ಕಾರ್ಡ್, ಇವುಗಳಲ್ಲಿ ಒಂದರ ಮೇಲೆ ಅನುಮಾನ ಪಡಬೇಕು.

ಇಷ್ಟು ನೋಡಿದ ಮೇಲೆ ಮೆಟ್ಟಿಲು ಮೆಟ್ಟಿಲಾಗಿ ಎಬ್ಬಿಸಲು ನೋಡಿ. ಮೊದಲ ಮೆಟ್ಟಿಲು, ‘ಐಪಿ ಲಿಂಕ್ ಸೆಟ್’ ಬಳಸಿ ಇಂಟರ್‌ಫೇಸನ್ನು ಡೌನ್ ಮಾಡಿ ಮತ್ತೆ ಅಪ್ ಮಾಡುವುದು. ಎರಡನೆಯದು, ‘ಮಾಡ್‌ಪ್ರೋಬ್ -ಆರ್’ ಕೊಟ್ಟು ಡ್ರೈವರ್ ತೆಗೆದು ಮತ್ತೆ ಹಾಕುವುದು. ರಿಯಲ್‌ಟೆಕ್ ಗಿಗಾಬಿಟ್ ಚಿಪ್‌ಗೆ ಸಾಮಾನ್ಯವಾಗಿ ಇರುವ ಡ್ರೈವರ್ ಆರ್8169. ಮೂರನೆಯದು, ಸಿಸ್ ಫೋಲ್ಡರಿನಲ್ಲಿ ಆ ಪಿಸಿಐ ಸಾಧನದ ‘ರಿಮೂವ್’ ಫೈಲ್‌ಗೆ 1 ಬರೆದು, ಆಮೇಲೆ ಪಿಸಿಐ ಬಸ್‌ನ ‘ರೀಸ್ಕ್ಯಾನ್’ ಫೈಲ್‌ಗೆ 1 ಬರೆಯುವುದು. ಇದರಿಂದ ಕಾರ್ಡನ್ನು ಹೊಸದಾಗಿ ಹುಡುಕಿ ಹಚ್ಚಿಕೊಂಡಂತೆ ಆಗುತ್ತದೆ. ಯಾವ ಮೆಟ್ಟಿಲಿನಲ್ಲಿ ಎದ್ದಿತು ಅನ್ನುವುದೇ ನಿಮಗೆ ಬೇಕಾದ ಸುಳಿವು. ಮೊದಲನೆಯದರಲ್ಲೇ ಎದ್ದರೆ ಯಂತ್ರಭಾಗ ಬಹುಮಟ್ಟಿಗೆ ಗಟ್ಟಿಯಾಗಿದೆ. ಕೆಳಗಿನದಕ್ಕೆ ಹೋದಷ್ಟೂ ಅನುಮಾನ ಡ್ರೈವರ್‌ನಿಂದ ಚಿಪ್ ಕಡೆಗೆ ಜರುಗುತ್ತದೆ.

ರೀಸ್ಟಾರ್ಟ್ ಮಾಡಿದರೂ ಒಮ್ಮೊಮ್ಮೆ ಬಗ್ಗುವುದಿಲ್ಲ ಎಂದಿದ್ದೀರಲ್ಲ, ನಿಮ್ಮ ಪತ್ರದಲ್ಲಿ ನನ್ನ ಕಣ್ಣು ನಿಂತದ್ದು ಅಲ್ಲೇ. ಕಂಪ್ಯೂಟರ್ ಶಟ್‌ಡೌನ್ ಆದರೂ ಪ್ಲಗ್ ಸಿಕ್ಕಿಸಿರುವವರೆಗೆ ಪವರ್ ಸಪ್ಲೈನಿಂದ 5 ವೋಲ್ಟ್ ಸ್ಟ್ಯಾಂಡ್‌ಬೈ ಕರೆಂಟ್ ಬರುತ್ತಲೇ ಇರುತ್ತದೆ. ದೂರದಿಂದ ಮಷಿನ್ ಎಬ್ಬಿಸುವ ವೇಕ್ ಆನ್ ಲ್ಯಾನ್ ನಡೆಯುವುದು ಅದರಿಂದಲೇ. ಹಾಗಾಗಿ ಒಳಗೆ ಸಿಕ್ಕಿಕೊಂಡ ಚಿಪ್‌ಗೆ ನಿಮ್ಮ ರೀಸ್ಟಾರ್ಟ್ ಗೊತ್ತೇ ಆಗದಿರಬಹುದು. ಪ್ಲಗ್ ಕಿತ್ತು, ಪವರ್ ಬಟನ್ ಒಮ್ಮೆ ಒತ್ತಿ, ಅರ್ಧ ನಿಮಿಷ ಬಿಟ್ಟು ಮತ್ತೆ ಹಾಕಿ. ಒಮ್ಮೆ ಇದೇ ತರಹದ ಮಷಿನ್ನಿನ ಮುಂದೆ ನಾನು ಎರಡು ರಾತ್ರಿ ಕೂತು ಹಳೆಯ ಕರ್ನಲ್, ಹೊಸ ಕರ್ನಲ್ ಅಂತ ಬದಲಿಸುತ್ತಾ ಹೋಗಿದ್ದೆ. ಎರಡನೇ ರಾತ್ರಿ ಕರೆಂಟ್ ಹೋಗಿ ಬಂತು, ಕಾರ್ಡ್ ತಾನಾಗಿ ಎದ್ದು ಕೂತಿತ್ತು! ಒಂದೇ ಮಷಿನ್ನಿನಲ್ಲಿ ವಿಂಡೋಸ್ ಕೂಡ ಇಟ್ಟುಕೊಂಡವರಿಗೂ ಈ ಮಾತು ಅನ್ವಯಿಸುತ್ತದೆ. ಅದು ಕಾರ್ಡನ್ನು ಮಲಗಿಸಿ ಹೋದ ಸ್ಥಿತಿಯಿಂದ ಲಿನಕ್ಸ್‌ಗೆ ಎಬ್ಬಿಸಲು ಆಗದೆ ಇರುವುದುಂಟು.

ಇನ್ನು ಔಷಧಿ. ನಿಮ್ಮ ಲಕ್ಷಣ ನೋಡಿದರೆ ನನ್ನ ಮೊದಲ ಅನುಮಾನ ಎಎಸ್‌ಪಿಎಂ ಮೇಲೆ. ಕೆಲಸ ಇಲ್ಲದಾಗ ಪಿಸಿಐ ಎಕ್ಸ್‌ಪ್ರೆಸ್ ಲಿಂಕನ್ನು ಮಲಗಿಸಿ ವಿದ್ಯುತ್ ಉಳಿಸುವ ವ್ಯವಸ್ಥೆ ಅದು. ಕೆಲವು ಬೋರ್ಡ್ ಮತ್ತು ಚಿಪ್ ಜೋಡಿಗಳಲ್ಲಿ ಮಲಗಿದ ಲಿಂಕ್ ನೆಟ್ಟಗೆ ಏಳುವುದಿಲ್ಲ. ಇದು ರಿಯಲ್‌ಟೆಕ್ ಒಂದರ ರೋಗವಲ್ಲ. ಇಂಟೆಲ್ 82574 ಚಿಪ್‌ಗೂ ಇದೇ ಕಾಟ ಇತ್ತು, ಅದರ ಲಿನಕ್ಸ್ ಡ್ರೈವರ್ ಎಎಸ್‌ಪಿಎಂ ಅನ್ನು ತಾನೇ ಆಫ್ ಮಾಡುತ್ತದೆ.

ಎಲ್ಲರೂ ಕೊಡುವ ಸಲಹೆ, ಬೂಟ್ ಸಾಲಿಗೆ ‘ಪಿಸಿಐಇ_ಎಎಸ್‌ಪಿಎಂ=ಆಫ್’ ಸೇರಿಸಿ ಅಂತ. ನೀವೂ ಸೇರಿಸಿರುತ್ತೀರಿ. ಆದರೆ ಅದರ ನಿಜವಾದ ಅರ್ಥ ‘ಎಎಸ್‌ಪಿಎಂ ಆಫ್ ಮಾಡು’ ಅಂತ ಅಲ್ಲ. ‘ಕರ್ನಲ್, ನೀನು ಅದರ ತಂಟೆಗೆ ಹೋಗಬೇಡ, ಬಯಾಸ್ (ಮದರ್‌ಬೋರ್ಡ್‌ನ ಮೂಲ ಪ್ರೋಗ್ರಾಂ) ಹೇಗೆ ಇಟ್ಟಿದೆಯೋ ಹಾಗೇ ಬಿಡು’ ಅಂತ. ಬಯಾಸ್ ಅದನ್ನು ಆನ್ ಮಾಡಿಟ್ಟಿದ್ದರೆ ಆನ್ ಆಗಿಯೇ ಉಳಿಯುತ್ತದೆ! ಎಷ್ಟೋ ಜನ ಇಲ್ಲಿ ಎಡವಿ, ‘ಅದನ್ನೂ ನೋಡಿದೆ, ಕೆಲಸ ಮಾಡಲಿಲ್ಲ’ ಅನ್ನುತ್ತಾರೆ. ಬಯಾಸ್‌ನಲ್ಲೇ ಹೋಗಿ ಆಫ್ ಮಾಡಿ, ಅಲ್ಲಿ ಆ ಆಯ್ಕೆ ಇಲ್ಲದಿದ್ದರೆ ‘ಪಿಸಿಐಇ_ಎಎಸ್‌ಪಿಎಂ.ಪಾಲಿಸಿ=ಪರ್ಫಾರ್ಮೆನ್ಸ್’ ಕೊಡಿ. ಎರಡರಲ್ಲಿ ಯಾವುದೇ ಮಾಡಿದರೂ ರೂಟ್ ಆಗಿ ‘ಎಲ್‌ಎಸ್‌ಪಿಸಿಐ -ವಿವಿ’ ಓಡಿಸಿ, ನಿಮ್ಮ ಕಾರ್ಡ್‌ನ ‘ಎಲ್‌ಎನ್‌ಕೆ‌ಸಿಟಿಎಲ್’ ಸಾಲಿನಲ್ಲಿ ‘ಎಎಸ್‌ಪಿಎಂ ಡಿಸೇಬಲ್ಡ್’ ಅಂತ ಕಾಣುವವರೆಗೂ ನಂಬಬೇಡಿ.

ಎರಡನೆಯ ಅನುಮಾನ ಆಫ್‌ಲೋಡ್. ಟಿಎಸ್‌ಒ ಆನ್ ಇದ್ದರೆ ಕರ್ನಲ್ 64 ಕೆಬಿ ತನಕದ ದೊಡ್ಡ ತುಂಡನ್ನು ಕಾರ್ಡ್‌ಗೆ ಎಸೆದು, ‘1500 ಬೈಟ್ ಪ್ಯಾಕೆಟ್‌ಗಳಾಗಿ ನೀನೇ ಕತ್ತರಿಸಿಕೋ’ ಅನ್ನುತ್ತದೆ. ಸಿಪಿಯುಗೆ ಕೆಲಸ ಕಡಿಮೆ, ಕಾರ್ಡ್‌ಗೆ ಜಾಸ್ತಿ. ದೊಡ್ಡ ಫೈಲ್ ಹೋಗುವಾಗ ಮಾತ್ರ ಹ್ಯಾಂಗ್ ಆಗುವುದಕ್ಕೆ ಇದು ಹೊಂದುವ ಕಾರಣ. ಇಂಟೆಲ್ ಇ1000ಇ ಡ್ರೈವರ್ ಬಳಸುವವರು ಲಾಗ್‌ನಲ್ಲಿ ‘ಡಿಟೆಕ್ಟೆಡ್ ಹಾರ್ಡ್‌ವೇರ್ ಯೂನಿಟ್ ಹ್ಯಾಂಗ್’ ಎಂದು ಕಂಡರೆ ಮೊದಲು ಇದನ್ನೇ ನೋಡಬೇಕು. ‘ಈಥ್‌ಟೂಲ್ -ಕೆ’, ಇಲ್ಲಿ ಕೆ ದೊಡ್ಡಕ್ಷರ, ಆಮೇಲೆ ಇಂಟರ್‌ಫೇಸ್ ಹೆಸರು, ‘ಟಿಎಸ್‌ಒ ಆಫ್ ಜಿಎಸ್‌ಒ ಆಫ್’. ಜಿಎಸ್‌ಒ ಅಂದರೆ ಇದೇ ಕತ್ತರಿಸುವ ಕೆಲಸವನ್ನು ಕರ್ನಲ್ಲೇ ಮಾಡುವ ವಿಧಾನ. ನಿಮ್ಮ ಆರ್8169ರಲ್ಲಿ ಹಲವು ಚಿಪ್‌ಗಳಿಗೆ ಟಿಎಸ್‌ಒ ಮೊದಲಿಂದಲೇ ಆಫ್ ಇರುತ್ತದೆ. ಇದೇ ತರಹದ ಟೈಮ್ಡ್ ಔಟ್ ದೂರುಗಳು ಬಂದದ್ದಕ್ಕೇ ಹಾಗೆ ಮಾಡಿದ್ದಾರೆ. ಚಿಕ್ಕಕ್ಷರದ ಕೆ ಕೊಟ್ಟರೆ ಈಗ ಯಾವುದು ಆನ್ ಇದೆ ಎಂದು ಕಾಣುತ್ತದೆ, ಮೊದಲು ಅದನ್ನು ನೋಡಿ. ಹಿಂದೆ ಯಾವುದೋ ಸಲಹೆ ಓದಿ ನೀವೇ ಆನ್ ಮಾಡಿಟ್ಟಿರಲೂಬಹುದು ಅಲ್ವಾ?

ಕೇಬಲ್ ಬಗ್ಗೆ ಒಂದೇ ಮಾತು. ಕೆಟ್ಟ ಕೇಬಲ್‌ನಿಂದ ಸಿಆರ್‌ಸಿ ತಪ್ಪುಗಳು (ಡೇಟಾ ದಾರಿಯಲ್ಲಿ ಕೆಟ್ಟಿದೆ ಎಂಬ ಲೆಕ್ಕ) ಬರುತ್ತವೆ, ಲಿಂಕ್ ಹೋಗಿ ಬಂದು ಮಾಡುತ್ತದೆ, ಗಿಗಾಬಿಟ್ ಇದ್ದದ್ದು 100ಕ್ಕೆ ಇಳಿಯುತ್ತದೆ. ಗಿಗಾಬಿಟ್‌ಗೆ ನಾಲ್ಕೂ ಜೋಡಿ ತಂತಿ ಬೇಕು, 100ಕ್ಕೆ ಎರಡು ಸಾಕು. ಲಿಂಕ್ ಗಟ್ಟಿಯಾಗಿ ನಿಂತೂ ರಿಂಗ್ ಹೆಪ್ಪುಗಟ್ಟಿದರೆ ಕೇಬಲ್ಲನ್ನು ಬೈಯಬೇಡಿ.

ರಿಯಲ್‌ಟೆಕ್‌ನವರದೇ ಆರ್8168 ಡ್ರೈವರ್ ಹಾಕಿ ಅಂತಲೂ ಹೇಳುತ್ತಾರೆ. ಕೆಲವರಿಗೆ ಅದು ನಿಜವಾಗಿ ಗುಣ ಕೊಟ್ಟಿದೆ. ಆದರೆ ಅದು ಕರ್ನಲ್ ಜೊತೆ ಬರುವುದಿಲ್ಲ, ಕರ್ನಲ್ ಬದಲಾದಾಗೆಲ್ಲ ಮತ್ತೆ ಕಂಪೈಲ್ ಆಗಬೇಕು. ಒಂದು ದಿನ ಅಪ್‌ಡೇಟ್ ಆದ ಮೇಲೆ ಕಂಪೈಲ್ ಸೋತರೆ ನೆಟ್‌ವರ್ಕ್ ಇಲ್ಲ, ಸರಿಮಾಡುವ ಪ್ಯಾಕೇಜ್ ಇಳಿಸಿಕೊಳ್ಳಲೂ ನೆಟ್‌ವರ್ಕ್ ಇಲ್ಲ. ನಾನಾದರೆ ಅದಕ್ಕೆ ಮುಂಚೆ ಹೊಸ ಕರ್ನಲ್ ಮತ್ತು ಹೊಸ ಫರ್ಮ್‌ವೇರ್ (ಚಿಪ್ ಒಳಗೆ ಓಡುವ ಪ್ರೋಗ್ರಾಂ) ಪ್ಯಾಕೇಜ್ ಹಾಕಿ ನೋಡುತ್ತೇನೆ.

ಸಲಹೆಗಳನ್ನೆಲ್ಲ ಒಟ್ಟಿಗೆ ಹಾಕಿದ್ದೀರಿ, ಅದನ್ನು ಪೂರ್ತಿ ಹಿಂದಕ್ಕೆ ತೆಗೆಯಿರಿ. ಒಂದು ಸಲಕ್ಕೆ ಒಂದೇ ಬದಲಾವಣೆ. ಹ್ಯಾಂಗ್ ಆಗಲಿ ಅಂತ ಸುಮ್ನೆ ಕಾಯಬೇಡಿ. ಇನ್ನೊಂದು ಮಷಿನ್ನಿನಿಂದ ನೆಟ್‌ವರ್ಕ್ ವೇಗ ಅಳೆಯುವ ‘ಐಪರ್ಫ್3’ ಓಡಿಸಿ, ಎರಡೂ ದಿಕ್ಕಿನಲ್ಲಿ ಗಂಟೆಗಟ್ಟಲೆ ತುಂಬಿ ಹರಿಯಲು ಬಿಡಿ. ನಡುನಡುವೆ ಬಿಡುವೂ ಕೊಡಿ, ಎಎಸ್‌ಪಿಎಂ ಆಟ ಶುರುವಾಗುವುದೇ ಲಿಂಕ್ ಮಲಗಿ ಏಳುವಾಗ. ಮೊದಲು ಎರಡು ದಿನಕ್ಕೊಮ್ಮೆ ಹ್ಯಾಂಗ್ ಆಗುತ್ತಿದ್ದರೆ ವಾರ ಕಳೆಯುವವರೆಗೆ ‘ಸರಿಹೋಯಿತು’ ಎನ್ನಬೇಡಿ.

ಇಷ್ಟಾದ ಮೇಲೂ ‘ರೆವ್ ಎಫ್‌ಎಫ್’ ಬರುತ್ತಲೇ ಇದ್ದರೆ ಬೇರೆ ಚಿಪ್‌ನ ಕಾರ್ಡ್ ಹಾಕಿ, ಬಯಾಸ್‌ನಲ್ಲಿ ಹಳೆಯದನ್ನು ಆಫ್ ಮಾಡಿಬಿಡಿ.

ಪ್ರಶ್ನೆ: ನನ್ನದು ಫ್ರೀಬಿಎಸ್‌ಡಿ (ಲಿನಕ್ಸ್‌ನಂಥದೇ ಇನ್ನೊಂದು ಓಎಸ್) ಫೈರ್‌ವಾಲ್. ‘ಆರ್‌ಇ0: ವಾಚ್‌ಡಾಗ್ ಟೈಮ್‌ಔಟ್’ ಎಂದು ಸಾಲುಸಾಲಾಗಿ ಬರುತ್ತದೆ. ಲಿನಕ್ಸ್‌ನ ಮದ್ದು ಇಲ್ಲಿಗೂ ನಡೆಯುತ್ತದಾ?

ಉತ್ತರ: ಯೋಚನೆ ಅದೇ, ಕಮಾಂಡ್ ಬೇರೆ. ಇಂಟರಪ್ಟ್ ಎಣಿಕೆಗೆ ‘ವಿಎಂಸ್ಟಾಟ್ -ಐ’. ‘ನೆಟ್‌ಸ್ಟಾಟ್ -ಎಂ’ ಕೂಡ ನೋಡಿ. ಅಲ್ಲಿ ಎಂಬಫ್ ಕೇಳಿದ್ದು ‘ಡಿನೈಡ್’ ಎಂಬ ಲೆಕ್ಕ ಏರುತ್ತಿದ್ದರೆ ಕಾರ್ಡ್ ಹ್ಯಾಂಗ್ ಆಗಿಲ್ಲ, ಪ್ಯಾಕೆಟ್ ಇಡಲು ಮೆಮೊರಿ ಬಫರ್ ಮುಗಿದಿದೆ. ಆ ಲೆಕ್ಕ ಸೊನ್ನೆಯಲ್ಲೇ ಇದ್ದೂ ವಾಚ್‌ಡಾಗ್ ಬೊಗಳುತ್ತಿದ್ದರೆ ಲೋಡರ್ ಕಾನ್ಫ್ ಫೈಲ್‌ನಲ್ಲಿ ಎಂಎಸ್‌ಐ ಮತ್ತು ಎಂಎಸ್‌ಐ-ಎಕ್ಸ್ (ಇಂಟರಪ್ಟ್ ಕಳಿಸುವ ಎರಡು ವಿಧಾನ) ಆಫ್ ಮಾಡಿ ನೋಡಿ. ಅದೂ ಆಗದಿದ್ದರೆ ಫ್ರೀಬಿಎಸ್‌ಡಿಯ ಸಾಫ್ಟ್‌ವೇರ್ ಸಂಗ್ರಹವಾದ ಪೋರ್ಟ್ಸ್‌ನಲ್ಲಿರುವ, ಕಂಪನಿಯದೇ ಡ್ರೈವರ್ ಆದ ‘ರಿಯಲ್‌ಟೆಕ್-ಆರ್‌ಇ-ಕೆಮಾಡ್’ ಹಾಕಿ. ಮೇಲೆ ಲಿನಕ್ಸ್‌ನವರಿಗೆ ಕಂಪನಿ ಡ್ರೈವರ್ ಬೇಡ ಎಂದು ಎಳೆದಾಡಿದ ನಾನೇ ಇಲ್ಲಿ ಬೇಗ ಒಪ್ಪುತ್ತೇನೆ. ಫ್ರೀಬಿಎಸ್‌ಡಿಯಲ್ಲಿ ಈ ಚಿಪ್‌ಗಳಿಗೆ ಅದರಿಂದ ಗುಣ ಕಂಡವರು ಜಾಸ್ತಿ. ಲೋಡರ್ ಕಾನ್ಫ್‌ನಲ್ಲಿ ಹೊಸ ಮಾಡ್ಯೂಲ್‌ನ ಪೂರ್ತಿ ದಾರಿ ಬರೆಯಲು ಮರೆಯಬೇಡಿ, ಇಲ್ಲದಿದ್ದರೆ ಹಳೆಯ ಡ್ರೈವರ್ರೇ ಮೊದಲು ಬಂದು ಕೂರುತ್ತದೆ.

ಪ್ರಶ್ನೆ: ಒಂದು ಲಿನಕ್ಸ್ ಮಷಿನ್ ಹ್ಯಾಂಗ್ ಆದಾಗ ಅದೇ ಸ್ವಿಚ್‌ನಲ್ಲಿರುವ ಬೇರೆ ಕಂಪ್ಯೂಟರ್‌ಗಳ ನೆಟ್‌ವರ್ಕ್ ಕೂಡ ನಿಲ್ಲುತ್ತದೆ. ಆ ಕೇಬಲ್ ಕಿತ್ತರೆ ಉಳಿದವೆಲ್ಲ ಸರಿ. ಹೀಗೂ ಆಗುತ್ತದಾ?

ಉತ್ತರ: ಆಗುತ್ತದೆ. ಮಷಿನ್ ಹೆಪ್ಪುಗಟ್ಟಿದರೂ ಕಾರ್ಡ್ ತಾನಾಗಿ ಎಚ್ಚರ ಇರುತ್ತದೆ. ಬಂದ ಪ್ಯಾಕೆಟ್‌ಗಳನ್ನು ಎತ್ತುವವರಿಲ್ಲದೆ ಅದರ ಬಫರ್ ತುಂಬುತ್ತದೆ. ಆಗ ಅದು ಸ್ವಿಚ್‌ಗೆ ‘ತಡಿ, ಕಳಿಸಬೇಡ’ ಎಂಬ ಪಾಜ್ ಫ್ರೇಮ್ ಕಳಿಸುತ್ತದೆ. ಗಿಗಾಬಿಟ್ ಲಿಂಕ್‌ನಲ್ಲಿ ಒಂದು ಪಾಜ್ ಫ್ರೇಮ್ ಹೆಚ್ಚೆಂದರೆ ಸುಮಾರು 33 ಮಿಲಿಸೆಕೆಂಡ್ ತಡೆಯಬಲ್ಲದು. ಆದರೆ ಬಫರ್ ಖಾಲಿ ಆಗುವುದೇ ಇಲ್ಲವಲ್ಲ, ಕಾರ್ಡ್ ಮತ್ತೆ ಮತ್ತೆ ಕಳಿಸುತ್ತಲೇ ಇರುತ್ತದೆ. ಆ ಪೋರ್ಟ್‌ಗೆ ಹೋಗಬೇಕಾದದ್ದು ಸ್ವಿಚ್ ಒಳಗೆ ಪೇರುತ್ತದೆ, ಸಾಧಾರಣ ಸ್ವಿಚ್‌ನಲ್ಲಿ ಎಲ್ಲ ಪೋರ್ಟ್‌ಗಳಿಗೂ ಹಂಚಿದ ಮೆಮೊರಿಯನ್ನು ಅದೊಂದೇ ತಿಂದು ಕೂರುತ್ತದೆ. ‘ಈಥ್‌ಟೂಲ್ -ಎ’, ದೊಡ್ಡಕ್ಷರದ ಎ, ಇಂಟರ್‌ಫೇಸ್ ಹೆಸರು, ‘ಆಟೋನೆಗ್ ಆಫ್ ಆರ್‌ಎಕ್ಸ್ ಆಫ್ ಟಿಎಕ್ಸ್ ಆಫ್’ ಎಂದು ಕೊಟ್ಟು ಪಾಜ್ ಆಫ್ ಮಾಡಿ. ಇದು ರೀಸ್ಟಾರ್ಟ್ ಆದರೆ ಅಳಿಸಿಹೋಗುತ್ತದೆ, ಬೂಟ್ ಆಗುವಾಗ ಓಡುವ ಸ್ಕ್ರಿಪ್ಟ್‌ಗೆ ಸೇರಿಸಿಕೊಳ್ಳಿ. ಮಷಿನ್ ಯಾಕೆ ಹ್ಯಾಂಗ್ ಆಗುತ್ತಿದೆ ಅನ್ನುವುದು ಬೇರೆಯೇ ಪ್ರಶ್ನೆ. ಅದಕ್ಕೆ ‘ಜರ್ನಲ್‌ಸಿಟಿಎಲ್ -ಕೆ -ಬಿ -1’ ಕೊಟ್ಟು, ಹಿಂದಿನ ಬೂಟ್‌ನ ಕೊನೆಯ ಐವತ್ತು ಸಾಲು ಕಳಿಸಿ, ನೋಡೋಣ.